ಗೆರೆ ದಾಟಿದ ಬೆಂಚು

ಆ ದಿನವೂ ಬೇರೆ ದಿನಗಳ ಹಾಗೆಯೇ ಇತ್ತು. ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು ಎಂದು ಯಾರಿಗೂ ಅನ್ನಿಸಲಿಲ್ಲ.

ಬೆಳಿಗ್ಗೆ ಹೆಂಡತಿ ಅಂಗಡಿಯ ಶಟರ್ ಎತ್ತಿದಳು. ಗಂಡ ಪಕ್ಕದಲ್ಲಿ ನಿಂತುಕೊಂಡು, "ಸೊಂಟ ಹಿಡ್ಕೊಂಡುಬಿಡುತ್ತೆ, ಮೊಣಕಾಲು ಬಗ್ಗಿಸು" ಅಂದ. ಹೃದಯದ ಕಾಯಿಲೆ ಬಂದ ಮೇಲೆ ಅವನು ಭಾರ ಎತ್ತುವಂತಿರಲಿಲ್ಲ. ಎತ್ತುವವರಿಗೆ ಬುದ್ಧಿ ಹೇಳುವುದೇ ಅವನ ಕೆಲಸವಾಗಿತ್ತು.

ಅದು ಚೀಲ ರಿಪೇರಿ ಮಾಡುವ ಅಂಗಡಿ. ಸೂಟ್‌ಕೇಸು, ಶಾಲೆಯ ಬ್ಯಾಗು, ಹೆಂಗಸರ ಕೈಚೀಲ ಎಲ್ಲ ಬರುತ್ತವೆ. ಹಿಡಿ ಕಿತ್ತವು, ಚಕ್ರ ಮುರಿದವು, ಜಿಪ್ಪು ಬಾಯಿ ಬಿಟ್ಟವು. ಒಬ್ಬ ಮನುಷ್ಯ ಕಾಲು ಚಾಚಿ ಮಲಗಿದರೆ ಅಂಗಡಿ ತುಂಬಿಹೋಗುತ್ತದೆ. ಅಷ್ಟರಲ್ಲೇ ಹೊಲಿಗೆ ಯಂತ್ರ, ರೆಕ್ಸಿನ್ ಸುರುಳಿ, ಜಿಪ್ಪಿನ ರನ್ನರ್ ತುಂಬಿದ ಡಬ್ಬಿಗಳು, ಅಂಟಿನ ವಾಸನೆ. ಗಿರಾಕಿಗಳಿಗೆ ಒಳಗೆ ಕೂರಲು ಜಾಗವಿಲ್ಲ. ಅವರಿಗಾಗಿ ಹೊರಗೊಂದು ಮರದ ಬೆಂಚು.

ಪಕ್ಕದ್ದು ಬೀಗದ ಕೈ ಮಾಡುವವನ ಅಂಗಡಿ. ಎಲ್ಲರೂ ಅವನನ್ನು ಕೀಲಿಯವನು ಎನ್ನುತ್ತಾರೆ. ಎರಡು ಅಂಗಡಿಗಳ ಮುಂದೆ ಒಂದೇ ಸಿಮೆಂಟ್ ನೆಲ. ಅದರ ನಡುವೆ ಒಂದು ಗೆರೆ ಇದೆ. ಸಿಮೆಂಟು ಹಾಕಿದವನು ಕತ್ತಲಾಯಿತೆಂದು ಕೆಲಸ ನಿಲ್ಲಿಸಿ, ಮಾರನೆಯ ದಿನ ಮುಂದುವರಿಸಿದ ಕಡೆ ಬಿದ್ದ ಗೆರೆ. ಆ ಪುಣ್ಯಾತ್ಮ ಒಂದೇ ದಿನದಲ್ಲಿ ಮುಗಿಸಿದ್ದರೆ ಇಬ್ಬರು ಗಂಡಸರಿಗೆ ಬದುಕೆಲ್ಲ ಜಗಳವಾಡಲು ಏನೂ ಸಿಗುತ್ತಿರಲಿಲ್ಲ.

ಗಂಡ ಬೆಂಚನ್ನು ಕಾಲಿನಿಂದ ತಳ್ಳಿ ಗೆರೆಯ ಆಚೆಗೆ ಒಂದು ಗೇಣು ಸರಿಸಿದ. ಪ್ರತಿದಿನ ಮಾಡುತ್ತಿದ್ದುದು ಅದನ್ನೇ. ಕೀಲಿಯವನು ಇಣುಕಿ ನೋಡಿ, ಕೀಲಿ ಉಜ್ಜುವ ಅರವನ್ನು ಕೈಯಲ್ಲಿ ಹಾಗೇ ಹಿಡಿದುಕೊಂಡು ಹೊರಗೆ ಬಂದ.

"ಲೋ ಹರಕು ಚೀಲ, ನಿನ್ನ ಬೆಂಚಿಗೆ ರಾತ್ರಿಯೆಲ್ಲಾ ಕಾಲು ಬೆಳೆಯುತ್ತೇನೋ?"

ಗಂಡ ಬಾಯಿ ತೆರೆಯುವ ಮೊದಲು ಆಸ್ಪತ್ರೆಯಲ್ಲಿ ಕಲಿಸಿದ ಹಾಗೆ ಮೂಗಿನಿಂದ ಉಸಿರೆಳೆದುಕೊಂಡ. ನಿಧಾನವಾಗಿ ಬಿಟ್ಟ. ಕೀಲಿಯವನು ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾದ.

"ಆಯ್ತೇನೋ ನಿನ್ನ ಉಸಿರು?"

"ಆಯ್ತು. ಈಗ ಕೇಳು. ನಿನ್ನ ಅಂಗಡೀಲೂ ಗಿರಾಕಿ ಇದಾರೆ ಅಂತ ಜನಕ್ಕೆ ಕಾಣ್ಲಿ ಅಂತ ಬೆಂಚು ಆ ಕಡೆ ಹಾಕಿದ್ದು. ನಿನ್ನ ಹತ್ರ ಬರೋರು ಕಳ್ಳರು. ಅವರು ಎಲ್ಲಿ ಕೂರ್ತಾರೆ? ನಿಂತ್ಕೊಂಡೇ ಓಡೋರು."

"ಕಳ್ಳರಾದ್ರೂ ಕೈ ಚುರುಕಾಗಿರೋ ಜನ. ನಿನ್ನ ಹತ್ರ ಮಗು ಬ್ಯಾಗು ಕೊಟ್ರೆ, ಆ ಮಗೂಗೆ ಮೀಸೆ ಬಂದ್ಮೇಲೆ ಸಿಗುತ್ತೆ."

ಅಷ್ಟರಲ್ಲಿ ರಿಪೇರಿಗೆಂದು ಬಂದು ಬೆಂಚಿನ ಮೇಲೆ ಕುಳಿತಿದ್ದ ಹೆಂಗಸು ತನ್ನ ಚೀಲವನ್ನು ಒಮ್ಮೆ ನೋಡಿಕೊಂಡಳು. ಗಂಡನಿಗೆ ನಗು ತಡೆಯಲಾಗಲಿಲ್ಲ. ಕೆಮ್ಮು ಬರುವ ತನಕ ನಕ್ಕ. ಕೀಲಿಯವನು ಬೆಂಚನ್ನು ಹೆಂಗಸಿನ ಸಮೇತ ಈ ಕಡೆಗೆ ತಳ್ಳಿ ಒಳಗೆ ಹೋದ. ಅವನ ಯಂತ್ರ ಕಿರ್ರೆಂದು ಕೀಲಿ ಕೊರೆಯತೊಡಗಿತು.

ರಾತ್ರಿ ಊಟಕ್ಕೆ ಕುಳಿತಾಗ ಗಂಡ ಉಪ್ಪಿಲ್ಲದ ತರಕಾರಿಗೆ ಮುಖ ಕಿವುಚಿದ. ಆದರೂ ತಟ್ಟೆ ಖಾಲಿ ಮಾಡಿದ. ಕೈ ಒರೆಸಿಕೊಳ್ಳುತ್ತಾ, "ಇವತ್ತು ಅವಂದೇ ಮೇಲಾಯ್ತು ಕಣೇ" ಅಂದ. "ಪರವಾಗಿಲ್ಲ. ನಾಳೆಗೆ ಒಂದು ಮಾತು ಇಟ್ಕೊಂಡಿದ್ದೀನಿ. ಅದನ್ನ ಅಂದ್ರೆ ಅವನು ಬೆಂಚು ಮುಟ್ಟಲ್ಲ."

"ಏನ್ರೀ ಅದು ಮಾತು?"

"ನಿಂಗೆ ಹೇಳಿದ್ರೆ ಆರಿಹೋಗುತ್ತೆ. ನಾಳೆ ಅಲ್ಲೇ ಕೇಳು."

ದೀಪ ಆರಿಸಿದ ಮೇಲೂ ಒಬ್ಬನೇ ನಗುತ್ತಿದ್ದ. "ಮಲಗ್ರೀ" ಅಂದಳು. ಅವಳು ಅವನಿಗೆ ಹೇಳಿದ ಕೊನೆಯ ಮಾತು ಅದು.

ಈ ಜಗಳವನ್ನು ಒಂದು ಸಲ ಅವಳೇ ನಿಲ್ಲಿಸಿದ್ದಳು. ಅದನ್ನು ಹೇಳದೆ ಮುಂದಿನದನ್ನು ಹೇಳುವುದಕ್ಕಾಗುವುದಿಲ್ಲ.

ಅವನಿಗೆ ಎದೆ ಹಿಡಿದದ್ದು ಅಂಗಡಿಯಲ್ಲಿಯೇ. ದೊಡ್ಡ ಸೂಟ್‌ಕೇಸಿಗೆ ರಿವೆಟ್ ಬಡಿಯುತ್ತಿದ್ದವನು ಸುತ್ತಿಗೆ ಕೆಳಗಿಟ್ಟು, ಹೊರಗೆ ಬಂದು ಬೆಂಚಿನ ಮೇಲೆ ಕುಳಿತ. ಮುಖ ಸುಣ್ಣದ ಗೋಡೆಯಂತಾಗಿತ್ತು. ಅಂಗಿ ಬೆವರಿನಿಂದ ಮೈಗೆ ಅಂಟಿಕೊಂಡಿತ್ತು. ಆಗ ಓಡಿ ಬಂದವನು ಕೀಲಿಯವನು. ತನ್ನ ಅಂಗಡಿ ಹಾಗೇ ತೆರೆದು ಬಿಟ್ಟು, ರಸ್ತೆಯಲ್ಲಿ ಹೋಗುತ್ತಿದ್ದ ಗಾಡಿ ನಿಲ್ಲಿಸಿ, ಇವನನ್ನು ಎತ್ತಿ ಹಾಕಿಕೊಂಡು ಹೋದ. ದಾರಿಯುದ್ದಕ್ಕೂ, "ಬೆಂಚು ಒಳಗಿಡದೆ ಎಲ್ಲಿಗೋ ಹೊರಟಿದ್ದೀಯ, ಬೆಂಚು ಯಾರು ನಿಮ್ಮಪ್ಪ ಇಡ್ತಾನಾ" ಎಂದು ಬೈಯುತ್ತಲೇ ಇದ್ದನಂತೆ. ಬೈಯುತ್ತಾ ಅಳುತ್ತಿದ್ದ ಎಂದು ಗಾಡಿಯವನು ಆಮೇಲೆ ಹೇಳಿದ.

ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಸ್ಪ್ರಿಂಗಿನಂಥದ್ದು ಏನೋ ಹಾಕಿದರು. ಗಂಡ ಉಳಿದ. ಹೃದಯ ಮಾತ್ರ ಮೊದಲಿನಂತೆ ಉಳಿಯಲಿಲ್ಲ. ಸ್ವಲ್ಪ ಭಾಗ ಸತ್ತುಹೋಗಿದೆ ಎಂದು ಡಾಕ್ಟರು ಹೇಳಿದರು. ಮಾತ್ರೆ ಬಿಡಬೇಡಿ, ನಡೆಯಿರಿ, ಟೆನ್ಷನ್ ಮಾಡಿಕೊಳ್ಳಬೇಡಿ. ಟೆನ್ಷನ್ ಕಡಿಮೆ ಮಾಡಿಕೊಳ್ಳುವುದು ಹೇಗೆ ಎಂದು ಹೇಳಿಕೊಡಲು ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ಕ್ಲಾಸು ಇತ್ತು. ಎದೆ ನೋವು ಬಂದು ಉಳಿದವರು, ಅವರ ಜೊತೆಗೆ ಒಬ್ಬೊಬ್ಬ ಮನೆಯವರು. ಪ್ಲಾಸ್ಟಿಕ್ ಕುರ್ಚಿಗಳನ್ನು ಸುತ್ತಲೂ ಹಾಕಿಕೊಂಡು ಕೂರುತ್ತಿದ್ದರು. ಕ್ಲಾಸು ತೆಗೆದುಕೊಳ್ಳುವ ಮೇಡಂ ಸಣ್ಣ ವಯಸ್ಸಿನವರು. ಮೆಲ್ಲಗೆ ಮಾತಾಡುತ್ತಿದ್ದರು.

ಮೊದಲ ದಿನ ಮೇಡಂ ಎಷ್ಟೋ ಹೇಳಿದರು. ಉಸಿರು ಹೇಗೆ ತೆಗೆದುಕೊಳ್ಳಬೇಕು, ನಿದ್ದೆ ಯಾಕೆ ಬೇಕು, ಮನಸ್ಸಿನಲ್ಲಿ ಇರುವುದನ್ನು ನಂಬಿಕೆಯವರ ಹತ್ತಿರ ಹೇಳಿಕೊಳ್ಳುವುದು, ಇಷ್ಟವಾದ ಕೆಲಸವನ್ನು ಬಿಡದಿರುವುದು. ನಡುವೆ ಒಮ್ಮೆ, "ಜೋರು ಜಗಳ, ಕೂಗಾಟ ಬೇಡ" ಅಂದರು. ಹೆಂಡತಿ ಓದಿದ್ದು ಕಡಿಮೆ. ಇಷ್ಟೆಲ್ಲ ತಲೆಯಲ್ಲಿ ನಿಲ್ಲಲಿಲ್ಲ. ಜಗಳ ಬೇಡ ಎನ್ನುವ ಒಂದು ಮಾತು ನಿಂತಿತು. ನೀರಿಗೆ ಬಿದ್ದವಳು ಹಗ್ಗ ಹಿಡಿದ ಹಾಗೆ ಅದನ್ನು ಹಿಡಿದುಕೊಂಡಳು.

ಮನೆಗೆ ಬಂದವಳೇ ಬಾಗಿಲ ಕೀಲುಗಳಿಗೆ ಎಣ್ಣೆ ಬಿಟ್ಟಳು, ಕಿರುಗುಟ್ಟದಿರಲಿ ಎಂದು. ಪಾತ್ರೆ ತೊಳೆಯುವ ಕಡೆ ಹಳೆಯ ಬಟ್ಟೆ ಹಾಸಿದಳು. ಮಗಳು ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ಅವಳಿಗೆ, "ಅಪ್ಪನ ಹತ್ರ ನಿನ್ನ ಕಾರ್ಖಾನೆ ಸುದ್ದಿ ಎತ್ತಬೇಡ. ನಗ್ತಾ ಇರು" ಎಂದು ತಾಕೀತು ಮಾಡಿದಳು.

"ಸುಮ್‌ಸುಮ್ನೆ ಹೇಗಮ್ಮ ನಗೋದು?"

"ನಗೋಕಾಗ್ದಿದ್ರೆ ಬಾಯಿ ಮುಚ್ಕೊಂಡಿರು."

ಅದೇ ಹೊತ್ತಿಗೆ ಮಗಳ ಬೆರಳು ಯಂತ್ರಕ್ಕೆ ಸಿಕ್ಕಿ ತುದಿ ಕತ್ತರಿಸಿತು. ಹೊಲಿಗೆ ಹಾಕಿಸಿಕೊಂಡು ಬಂದವಳು ಅಪ್ಪನ ಮುಂದೆ ಕೈಯನ್ನು ದುಪಟ್ಟದಡಿ ಇಟ್ಟುಕೊಂಡು ಓಡಾಡಿದಳು. ಎಡಗೈಯಲ್ಲಿ ನೀರು ತಂದುಕೊಟ್ಟಳು. ಅವನು ಲೋಟವನ್ನೂ ನೋಡಿದ, ಮಗಳ ಮುಖವನ್ನೂ ನೋಡಿದ. ಏನೂ ಕೇಳಲಿಲ್ಲ. ಕೇಳದೇ ಇದ್ದದ್ದನ್ನು ಕಂಡು ಹೆಂಡತಿ, ಸದ್ಯ, ಗೊತ್ತಾಗಲಿಲ್ಲ ಅಂದುಕೊಂಡಳು.

ಗಂಡ ಮತ್ತೆ ಅಂಗಡಿಗೆ ಹೋಗುವ ದಿನ ಹತ್ತಿರ ಬಂದಿತು. ಅಂಗಡಿಯೆಂದರೆ ಕೀಲಿಯವನು.  ಒಬ್ಬಳೇ ಹೋಗಿ ಅವನ ಅಂಗಡಿ ಮುಂದೆ ನಿಂತಳು.

"ನಿನ್ನ ಕಾಲಿಗೆ ಬೀಳ್ತೀನಪ್ಪ. ಅವರ ಜೊತೆ ಇನ್ಮೇಲೆ ಜಗಳ ಆಡಬೇಡ."

ಕೀಲಿಯವನು ಯಂತ್ರ ನಿಲ್ಲಿಸಿದ. "ಅಕ್ಕ, ನಾನು ಜಗಳ ಆಡ್ತಿದ್ನಾ? ಮಾತಾಡ್ತಿದ್ದೆ ಅಷ್ಟೇ."

"ಅದನ್ನೇ ಬೇಡ ಅಂತಿರೋದು. ಡಾಕ್ಟರು ಹೇಳಿದಾರೆ."

ಅವನು ಕೈಯಲ್ಲಿದ್ದ ಕೀಲಿಯ ಹಲ್ಲುಗಳನ್ನು ಉಗುರಿನಿಂದ ಕೆರೆದ. ಆಮೇಲೆ, "ಆಯ್ತಕ್ಕ, ನನ್ನ ಬಾಯಿಗೆ ನಾನೇ ಬೀಗ ಹಾಕ್ಕೊಂಡೆ. ಕೀಲಿ ನಿಮ್ಮ ಹತ್ರಾನೇ ಇರ್ಲಿ" ಅಂದ.

ಗಂಡ ಅಂಗಡಿಗೆ ಬಂದ ಮೊದಲ ದಿನ. ಮುಖದಲ್ಲಿ ಕಳೆ ಇತ್ತು. ಹೊಸ ಅಂಗಿ ಹಾಕಿದ್ದ. ಹೆಂಡತಿ ಬೆಂಚು ತಂದು ಹಾಕಿದ್ದೇ ತಡ, ಕಾಲಿನಿಂದ ಮೆಲ್ಲಗೆ ತಳ್ಳಿ ಗೆರೆ ದಾಟಿಸಿದ. ಆಮೇಲೆ ಕೈಕಟ್ಟಿ ನಿಂತು ಕಾದ, ಆಟಕ್ಕೆ ಕರೆದ ಹುಡುಗನ ಹಾಗೆ.

ಕೀಲಿಯವನು ಹೊರಗೆ ಬಂದ. "ಬನ್ನಿ ಅಣ್ಣ. ಆರೋಗ್ಯ ಹೇಗಿದೆ? ಬೆಂಚು ಬೇಕಾದ್ರೆ ಇನ್ನೂ ಈ ಕಡೆಗೇ ಹಾಕ್ಕೊಳ್ಳಿ. ಜಾಗಕ್ಕೇನು."

ಗಂಡ ಹಿಂದಕ್ಕೆ ತಿರುಗಿ ನೋಡಿದ. ಬೇರೆ ಯಾರಿಗೋ ಹೇಳುತ್ತಿದ್ದಾನೆ ಅಂದುಕೊಂಡಿರಬೇಕು. ಹಿಂದೆ ಯಾರೂ ಇರಲಿಲ್ಲ. ಅವನ ಮುಖದ ಮೇಲಿನ ಕಳೆ ಇಳಿದುಹೋಯಿತು.

ಮಾರನೆಯ ದಿನ ಬೆಂಚನ್ನು ಇನ್ನೂ ಮುಂದಕ್ಕೆ ತಳ್ಳಿದ. ಕೀಲಿಯವನು ನಕ್ಕು ಸುಮ್ಮನಾದ. ಅದರ ಮಾರನೆಯ ದಿನ ಇನ್ನೂ ಮುಂದಕ್ಕೆ. ಕೊನೆಗೆ ಬೆಂಚು ಕೀಲಿಯವನ ಬಾಗಿಲಿಗೇ ಅಡ್ಡವಾಗಿ ಬಂದು ನಿಂತಿತು. ಅವನು ತುಟಿ ಪಿಟಕ್ಕೆನ್ನದೆ ಅದನ್ನು ದಾಟಿಕೊಂಡೇ ಒಳಗೆ ಹೊರಗೆ ಓಡಾಡಿದ. ಒಮ್ಮೆ ಎಡವಿ ಮೊಣಕಾಲು ತರಚಿಕೊಂಡ. ಆಗಲೂ, "ಪರವಾಗಿಲ್ಲ ಅಣ್ಣ" ಅಂದ. ಕೀಲಿ ಕೊರೆಯುವ ಯಂತ್ರದ ಸದ್ದು ಇವನಿಗೆ ಕೇಳಬಾರದೆಂದು ಅದನ್ನು ಒಳಗಿನ ಮೂಲೆಗೆ ಒಯ್ದು ಗೋಣಿಚೀಲ ಮುಚ್ಚಿಕೊಂಡು ಕೆಲಸ ಮಾಡಿದ.

ಅಂದು ಸಂಜೆ ಗಂಡ ತಾನೇ ಬೆಂಚನ್ನು ಎಳೆದುಕೊಂಡು ಬಂದು ಗೆರೆಯ ಈಚೆಗೆ ಇಟ್ಟ. ಆಮೇಲೆ ಅದನ್ನು ಸರಿಸಲಿಲ್ಲ.

ಅವನಿಗೆ ರಾತ್ರಿ ನಿದ್ದೆ ಬಾರದಾಯಿತು. ಆಸ್ಪತ್ರೆಯಲ್ಲಿ ನೋಡಿದಾಗಲೆಲ್ಲ ಬಿಪಿ ಏರಿರುತ್ತಿತ್ತು. ಮನೆ ಇಷ್ಟು ನಿಶ್ಶಬ್ದವಾಗಿದೆ, ಯಾರೂ ಒಂದು ಮಾತು ಎತ್ತರಿಸಿ ಆಡುವುದಿಲ್ಲ, ಮತ್ತೆ ಯಾಕೆ ಏರುತ್ತದೆ ಎಂದು ಅವಳಿಗೆ ತಿಳಿಯಲಿಲ್ಲ. ಇನ್ನೂ ಸದ್ದು ಕಡಿಮೆ ಮಾಡಬೇಕೇನೋ ಅಂದುಕೊಂಡಳು. ಗೋಡೆಯ ಗಡಿಯಾರವನ್ನು ಕೆಳಗಿಳಿಸಿ ಬಟ್ಟೆಯ ಪೆಟ್ಟಿಗೆಯೊಳಗೆ ಇಟ್ಟಳು.

ಒಂದು ದಿನ ಅವನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಿಪ್ಪಿಗೆ ರನ್ನರ್ ಹಾಕುವುದನ್ನು ಕಲಿಸತೊಡಗಿದ. "ಎರಡು ಕಡೆ ಹಲ್ಲು ಸಮ ಇರ್ಬೇಕು. ಒಂದು ಮೇಲೆ ಒಂದು ಕೆಳಗೆ ಆದ್ರೆ ಎಷ್ಟು ಎಳೆದ್ರೂ ಕೂಡಲ್ಲ. ಇಕ್ಕಳದಲ್ಲಿ ಜೋರಾಗಿ ಒತ್ತಬೇಡ, ಮುರಿಯುತ್ತೆ."

"ಈಗ್ಯಾಕ್ರೀ ಇದೆಲ್ಲ?"

"ಗೊತ್ತಿರ್ಲಿ."

ಯಾರ ಕೈಗೂ ಕೊಡದ ತನ್ನ ದೊಡ್ಡ ಕತ್ತರಿಯನ್ನು ಅವಳ ಮಡಿಲಲ್ಲಿಟ್ಟ.   ಅವನಿಗೆ ಟೆನ್ಷನ್ ಕೊಡಬಾರದಲ್ಲ ಎಂದು ಅವಳು ನಕ್ಕಳು. ಅವನೂ ನಕ್ಕ. ಇಬ್ಬರೂ ನಕ್ಕದ್ದು ಸುಳ್ಳು.

ಮುಂದಿನ ಕ್ಲಾಸಿನಲ್ಲಿ ಮೇಡಂ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ನಿಮ್ಮ ಮನಸ್ಸಿಗೆ ಭಾರವಾಗಿರೋದು ಏನು? ಬಸ್ ಓಡಿಸುತ್ತಿದ್ದ ಒಬ್ಬರು, ಮತ್ತೆ ಸ್ಟಿಯರಿಂಗ್ ಮುಟ್ಟಲು ಭಯ ಅಂದರು. ಒಬ್ಬ ಹೆಂಗಸು, ಸೊಸೆ ಅಂದಳು. ಇವನ ಸರದಿ ಬಂತು.

"ನನ್ನ ಪಕ್ಕದ ಅಂಗಡಿಯೋನು ಜಗಳ ಆಡೋದು ಬಿಟ್ಟಿದ್ದಾನೆ."

ಎಲ್ಲರೂ ಘೊಳ್ಳೆಂದು ನಕ್ಕರು. ಬಸ್ಸಿನವರು, "ನಮ್ಮನೆಗೆ ಬನ್ನಿ ಸ್ವಾಮಿ, ಬೇಕಾದಷ್ಟು ಸಿಗುತ್ತೆ" ಅಂದರು. ಮೇಡಂ ನಗಲಿಲ್ಲ. ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದ ಹೆಂಡತಿಯೂ ನಗಲಿಲ್ಲ.

"ಯಾಕೆ ಬಿಟ್ರು?" ಎಂದು ಮೇಡಂ ಕೇಳಿದರು.

"ನಾನು ಹೆಚ್ಚು ದಿನ ಇರಲ್ಲ ಅಂತ ಅವನಿಗೆ ಗೊತ್ತಾಗಿರಬೇಕು. ನನ್ನ ಹೆಂಡತಿ ಡಾಕ್ಟರ ಹತ್ರ ಏನೋ ಕೇಳ್ಕೊಂಡು ಬಂದು ಅವನಿಗೆ ಹೇಳಿದಾಳೆ. ಮನೇಲೂ ಅಷ್ಟೇ. ಮಗಳ ಬೆರಳು ಕತ್ತರಿಸಿದೆ, ನನಗೆ ಹೇಳಲ್ಲ. ನಾನು ಬರ್ತಿದ್ದ ಹಾಗೆ ಎಲ್ಲರ ಮಾತು ನಿಂತುಹೋಗುತ್ತೆ. ಹೆಣ ಇಟ್ಟಿರೋ ಮನೇಲಿ ಹೀಗೆ ಇರ್ತಾರೆ. ಅಲ್ಲಿ ಮಲಗಿರೋನಿಗೆ ಮಾತ್ರ ಅದು ಕೇಳಿಸಲ್ಲ. ನನಗೆ ಕೇಳಿಸ್ತಿದೆ."

ಈಗ ಯಾರೂ ನಗಲಿಲ್ಲ. ಹೆಂಡತಿ ಎದ್ದು ನಿಂತಳು. ಅಷ್ಟು ಜನರ ಮುಂದೆ ಅವಳು ಎಂದೂ ಮಾತಾಡಿದವಳಲ್ಲ.

"ಇವರು ಇರಲ್ಲ ಅಂತ ಡಾಕ್ಟರು ಏನೂ ಹೇಳಿಲ್ಲ. ನಾನೇ ಹೋಗಿ ಅವನ ಹತ್ರ ಬೇಡ್ಕೊಂಡೆ. ನೀವೇ ಜಗಳ ಬೇಡ ಅಂದ್ರಲ್ಲ ಮೇಡಂ."

ಮೇಡಂ ಅವಳ ಪಕ್ಕದಲ್ಲಿ ಬಂದು ಕುಳಿತರು. "ನಾನು ಹೇಳಿದ್ದು ಎದೆ ಬಡ್ಕೊಳ್ಳೋ ಹಾಗೆ ಕೂಗಾಡೋದು ಬೇಡ ಅಂತ. ಅದು ಈಗಲೂ ಬೇಡ. ಆದ್ರೆ ಇವರಿಗೆ ಯಾವುದು ಭಾರ, ಯಾವುದು ಹಗುರ ಅಂತ ಇವರನ್ನೇ ಕೇಳ್ಬೇಕಿತ್ತು ಅಮ್ಮ. ಮುಚ್ಚಿಟ್ಟಿದ್ದನ್ನ ಊಹೆ ಮಾಡ್ತಾ ಕೂರೋದೂ ಟೆನ್ಷನ್ನೇ. ಅದಕ್ಕೆ ಕೊನೆಯೇ ಇಲ್ಲ."

 ಮನೆಗೆ ಹೋಗುವಾಗ ಅವನು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತ. ಇಳಿದ ಮೇಲೆ ಅಷ್ಟು ದೂರ ನಡೆದು ನಿಂತ.

"ನನ್ನದು ಅಂತ ಇದ್ದಿದ್ದೇ ಅದೊಂದು ಕಣೇ. ಅದನ್ನೂ ಕಿತ್ಕೊಂಡ್ಯಲ್ಲ."

"ನೀವು ಉಳೀಲಿ ಅಂತ."

"ಉಳ್ಕೊಂಡು ಏನ್ ಮಾಡ್ಲಿ, ಉಸಿರು ಎಣಿಸ್ಲಾ?"

ಅಂದು ಅವಳ ಮೇಲೆ ಉರಿದು ಬಿದ್ದ. ಮಗಳ ಬೆರಳಿನ ಪಟ್ಟಿ ಬಿಚ್ಚಿಸಿ ನೋಡಿ ಅವಳನ್ನೂ ಬೈದ. ಕಾರ್ಖಾನೆಯ ಯಂತ್ರಕ್ಕೆ ಯಾಕೆ ಕವಚ ಹಾಕಿಲ್ಲ ಎಂದು ಕೇಳಿದ. ಪೆಟ್ಟಿಗೆಯಿಂದ ಗಡಿಯಾರ ತೆಗೆಸಿ ಗೋಡೆಗೆ ಹಾಕಿಸಿದ. ಆಮೇಲೆ ಉಂಡು ಮಲಗಿದವನು ಗೊರಕೆ ಹೊಡೆದ. ಆ ಸದ್ದಿಗೆ ಅವಳು ಎಚ್ಚರವಾಗಿ, ಕತ್ತಲಲ್ಲಿ ಕೇಳುತ್ತಾ ಮಲಗಿದಳು. ಎಷ್ಟೋ ದಿನಕ್ಕೆ ಕೇಳಿದ್ದಳು.

ಬೆಳಿಗ್ಗೆ ಹೋಗಿ ಕೀಲಿಯವನಿಗೆ ಹೇಳಿದಳು: "ಇನ್ನು ಬೈಯಪ್ಪ."

"ಬೈಗುಳ ಏನು ನಲ್ಲಿ ನೀರಾ ಅಕ್ಕ, ತಿರುಗಿಸಿದ್ರೆ ಬರೋಕೆ?" ಅಂದ ಅವನು. "ಈಗ ಭಯ ಆಗುತ್ತೆ. ಏನಾದ್ರೂ ಆದ್ರೆ?"

"ಕೂಗಬೇಡ. ಕೂತ್ಕೊಂಡು ಬೈ."

ಹಾಗೆ ಇಬ್ಬರೂ ಕುಳಿತು ಬೈದಾಡಲು ಕಲಿತರು. ಗಿರಾಕಿ ಇಲ್ಲದಾಗ ಗಂಡ ಬೆಂಚಿನ ಈ ತುದಿ, ಕೀಲಿಯವನು ಆ ತುದಿ, ಗೆರೆ ನಡುವೆ. ದನಿ ಏರಿದರೆ ಹೆಂಡತಿ ಒಳಗಿನಿಂದ ಕತ್ತರಿಯ ಹಿಡಿಯಿಂದ ಡಬ್ಬಿ ಬಡಿಯುವಳು. ಆಗ ಗಂಡ ಉಸಿರೆಳೆದುಕೊಳ್ಳುವನು, ಕೀಲಿಯವನು ಕಾಯುವನು. ಮೊದಲ ದಿನ ಕೀಲಿಯವನ ಬಾಯಲ್ಲಿ "ಹರಕು ಚೀಲ" ಎನ್ನುವುದು ಅರ್ಧ ಬಂದು ಗಂಟಲಲ್ಲೇ ನಿಂತಿತು. "ಪೂರ್ತಿ ಹೇಳೋ" ಎಂದು ಇವನು ಗದರಿದ ಮೇಲೆ ಬಂತು. ಬಿಪಿ ಇಳಿಯಿತು. ಜಗಳದಿಂದ ಇಳಿಯಿತೋ, ನಿದ್ದೆ ಬಂದು ಇಳಿಯಿತೋ, ಡಾಕ್ಟರು ಬದಲಿಸಿದ ಮಾತ್ರೆಯಿಂದ ಇಳಿಯಿತೋ, ಅವಳಿಗೆ ಗೊತ್ತಿಲ್ಲ.

ಆ ಚಳಿಗಾಲ ಚೆನ್ನಾಗಿ ಕಳೆಯಿತು. ಆಮೇಲೆ ಮೊದಲು ಹೇಳಿದ ಆ ದಿನ ಬಂತು.

ಅದರ ಮಾರನೆಯ ಬೆಳಿಗ್ಗೆ ಅವಳು ಚಹಾ ತಂದಾಗ ಗಂಡ ಮಂಚದ ಅಂಚಿನಲ್ಲಿ ಕುಳಿತಿದ್ದ. ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡಿದ್ದ. ಇನ್ನೊಂದು ಕೈಯಲ್ಲಿತ್ತು. ತಲೆ ಗೋಡೆಗೆ ಒರಗಿತ್ತು. ಯೋಚನೆ ಮಾಡುತ್ತಿದ್ದಾನೆ ಅಂದುಕೊಂಡು ಲೋಟವನ್ನು ಪಕ್ಕದಲ್ಲಿ ಇಟ್ಟಳು. ಅವನು ಆ ಕಡೆ ನೋಡಲಿಲ್ಲ. ಭುಜ ಮುಟ್ಟಿದಳು. ಅಷ್ಟೇ.

ಸುದ್ದಿ ಕೇಳಿ ಕೀಲಿಯವನು ಬಂದ. ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತ. ಕೈಯೆಲ್ಲ ಹಿತ್ತಾಳೆಯ ಪುಡಿ.

"ನಿನ್ನೆ ನಾನು ಜಾಸ್ತಿ ಅಂದ್ಬಿಟ್ನಾ ಅಕ್ಕ?"

"ಇಲ್ಲ."

"ಮೀಸೆ ಬಂದ್ಮೇಲೆ ಸಿಗುತ್ತೆ ಅಂದೆ. ಅಷ್ಟು ನಕ್ಕ. ಕೆಮ್ಮು ಬೇರೆ ಬಂತು. ಆ ನಗು..."

"ಇಲ್ಲ ಅಂದ್ನಲ್ಲಪ್ಪ."

ಹೇಳುವುದೇನೋ ಹೇಳಿದಳು. ಎಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ ಅವಳಿಗೂ ಅದೇ ಹುಳ ಹತ್ತಿತು. ಬೈಯಪ್ಪ ಎಂದು ಹೇಳಿದ್ದು ತಾನೇ ಅಲ್ಲವೇ. ಹೇಳದಿದ್ದರೆ ಇರುತ್ತಿದ್ದನೇನೋ. ಇಲ್ಲ, ಮೊದಲು ಬೇಡ ಎಂದು ಹೇಳಿ ಅಷ್ಟು ದಿನ ಅವನನ್ನು ಕೊರಗಿಸಿದ್ದರಿಂದ ಹೋದನೇನೋ. ಎರಡೂ ಕಡೆಯಿಂದ ತನ್ನ ಕೈಯೇ ಕಾಣುತ್ತಿತ್ತು.  ತಡೆಯಲಾರದೆ ಆಸ್ಪತ್ರೆಗೆ ಹೋಗಿ ಡಾಕ್ಟರನ್ನೇ ಕೇಳಿದಳು.

ಡಾಕ್ಟರು ಹಳೆಯ ರಿಪೋರ್ಟುಗಳನ್ನು ತಿರುವಿ ನೋಡಿ ಕನ್ನಡಕ ತೆಗೆದರು. "ಹೃದಯ ತುಂಬಾ ಸೋತಿತ್ತಮ್ಮ. ಮೊದಲನೇ ಸಲಾನೇ ಒಂದಷ್ಟು ಭಾಗ ಹೋಗಿತ್ತು. ಇದು ಜಗಳದಿಂದ ಆಯ್ತು ಅಂತ ನಾನು ಹೇಳಲಾರೆ. ಸುಮ್ಮನಿದ್ದಿದ್ದಕ್ಕೆ ಆಯ್ತು ಅಂತಲೂ ಹೇಳಲಾರೆ."

"ಹಾಗಾದ್ರೆ ಏನಂತ ಹೇಳ್ತೀರಾ?"

"ಸೋತಿತ್ತು ಅಂತ."

ಇದರಿಂದ ಸಮಾಧಾನವಾಗಲಿಲ್ಲ. ಆದರೆ ಕೇಳಲು ಬೇರೆ ಯಾರೂ ಇರಲಿಲ್ಲ. ಅದನ್ನೇ ಕೀಲಿಯವನಿಗೂ ಹೋಗಿ ಹೇಳಿದಳು. ಅವನು ತಲೆಯಾಡಿಸಿದ. ನಂಬಲಿಲ್ಲ ಎಂದು ಅವನ ಮುಖವೇ ಹೇಳಿತು.

ಅಂಗಡಿಯನ್ನು ಅವಳೇ ತೆರೆದಳು. ಮಗಳು, "ನಿನಗ್ಯಾಕಮ್ಮ, ನಾನು ದುಡೀತೀನಲ್ಲ" ಅಂದಳು.  ಅವಳಿಗೆ ರನ್ನರ್ ಹಾಕಲು ಬರುತ್ತದೆ. ಹಿಡಿ ಹೊಲಿಯಲು ಬರುತ್ತದೆ. ಚಕ್ರ ಇನ್ನೂ ಸರಿಯಾಗಿ ಕೂರುವುದಿಲ್ಲ, ಗಿರಾಕಿ ನಾಲ್ಕು ಹೆಜ್ಜೆ ಎಳೆದರೆ ವಾಲುತ್ತದೆ. ಕಲಿಸಿಕೊಟ್ಟ ದಿನ ಮಡಿಲಲ್ಲಿಟ್ಟ ಕತ್ತರಿ ಮೊಳೆಗೆ ನೇತು ಹಾಕಿದೆ.

ಮೊದಲ ದಿನ ಬೆಂಚನ್ನು ತಂದು ಹಾಕಿದಾಗ ಅದನ್ನು ಗೆರೆಯ ಈಚೆಗೇ ಇಟ್ಟಳು. ಒಳಗೆ ಹೋಗಿ ಕುಳಿತಳು. ಕೈಗೆ ಕೆಲಸ ಹತ್ತಲಿಲ್ಲ. ಮತ್ತೆ ಎದ್ದು ಬಂದು ಕಾಲಿನಿಂದ ತಳ್ಳಿದಳು. ಅವನು ತಳ್ಳಿದಷ್ಟು ಸಲೀಸಾಗಿ ಸರಿಯಲಿಲ್ಲ. ಬಗ್ಗಿ ಎರಡೂ ಕೈಯಿಂದ ಎಳೆದು, ಒಂದು ಗೇಣು ಆಚೆಗೆ ಹಾಕಿದಳು.

ಕೀಲಿಯವನು ನೋಡಿದ. ಬಳಸಿಕೊಂಡು ಹೋದ.

ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ. ಅವನು ಕೂಗಲಿಲ್ಲ, ತಳ್ಳಲಿಲ್ಲ. ಒಮ್ಮೆ ಮಾತ್ರ ಬೆಂಚಿನ ಆ ತುದಿಯಲ್ಲಿ ಬಂದು ಕುಳಿತು, "ಅಕ್ಕ, ಹೋಗೋ ಹಿಂದಿನ ರಾತ್ರಿ ಏನಾದ್ರೂ ಅಂದನಾ?" ಎಂದು ಕೇಳಿದ.

"ನಿನಗೆ ಹೇಳೋಕೆ ಒಂದು ಮಾತು ಇಟ್ಕೊಂಡಿದ್ದೀನಿ ಅಂದ್ರು. ಅದನ್ನ ಅಂದ್ರೆ ನೀನು ಬೆಂಚು ಮುಟ್ಟಲ್ಲ ಅಂದ್ರು."

"ಏನು ಮಾತು?"

"ನನಗೆ ಹೇಳಿಲ್ಲ."

ಕೀಲಿಯವನು ಗೆರೆಯ ಕಡೆ ನೋಡಿದ. "ಒಬ್ಬನೇ ಹೊತ್ಕೊಂಡು ಹೋದ ನೋಡಿ" ಅಂದ. "ನನ್ನನ್ನ ಕಳ್ಳರ ಗುರು ಅಂತಿದ್ದ. ದೊಡ್ಡ ಕಳ್ಳ ಅವನೇ." ಆಮೇಲೆ ಅಂಗಿಯ ತೋಳಿಗೆ ಮುಖ ಒತ್ತಿಕೊಂಡು ಎದ್ದು ಒಳಗೆ ಹೋದ. ಯಂತ್ರದ ಸದ್ದು ಬರಲಿಲ್ಲ.

ಎಷ್ಟೋ ದಿನಗಳ ಮೇಲೆ ಒಂದು ಬೆಳಿಗ್ಗೆ ಅವಳು ಬೆಂಚು ಎಳೆದು ಹಾಕಿ ಒಳಗೆ ಬಂದು, ಯಂತ್ರಕ್ಕೆ ದಾರ ಪೋಣಿಸುತ್ತಿದ್ದಳು. ಹೊರಗೆ ಮರ ಸಿಮೆಂಟಿಗೆ ಉಜ್ಜಿದ ಸದ್ದು ಕೇಳಿತು. ಕೀಲಿಯವನು ಕಾಲಿನಿಂದ ಬೆಂಚನ್ನು ಈಚೆಗೆ ತಳ್ಳಿದ್ದ.

"ಅಕ್ಕ, ನಿಮ್ಮ ಬೆಂಚು ಗೆರೆ ದಾಟಿದೆ" ಅಂದ. ದನಿಯಲ್ಲಿ ಸಿಟ್ಟು ಇರಲಿಲ್ಲ. ಇರಲಿ ಎಂದು ಅವನು ಪ್ರಯತ್ನ ಪಟ್ಟಿದ್ದು ಗೊತ್ತಾಗುತ್ತಿತ್ತು.

"ದಾಟಿದ್ರೆ ಏನಾಯ್ತು?" ಅಂದಳು ಅವಳು. ಬೇರೆ ಮಾತು ತೋಚಲಿಲ್ಲ. ಅವಳಿಗೆ ಜಗಳವಾಡಲು ಬರುವುದಿಲ್ಲ.

ಅವನು ಸ್ವಲ್ಪ ಹೊತ್ತು ಕಾದ. ಸೊಂಟದ ಮೇಲೆ ಕೈಯಿಟ್ಟುಕೊಂಡು, ಯಾರೋ ಉಸಿರೆಳೆದುಕೊಂಡು ಮುಗಿಸಲಿ ಎನ್ನುವ ಹಾಗೆ ಕಾದ. ಆಮೇಲೆ ಒಳಗೆ ಹೋದ.

ಈಗಲೂ ಅಷ್ಟೇ. ಬೆಳಿಗ್ಗೆ ಮೊಣಕಾಲು ಬಗ್ಗಿಸಿ ಶಟರ್ ಎತ್ತುತ್ತಾಳೆ. ರಾತ್ರಿ ಒಳಗಿಟ್ಟ ಬೆಂಚನ್ನು ಹೊರಗೆ ಎಳೆಯುತ್ತಾಳೆ. ಒದ್ದೆ ಬಟ್ಟೆಯಲ್ಲಿ ಮೇಲ್ಗಡೆ ಒರೆಸುತ್ತಾಳೆ, ಕಾಲುಗಳನ್ನೂ ಒರೆಸುತ್ತಾಳೆ. ಆಮೇಲೆ ಗೆರೆಯ ಆಚೆಗೆ ಒಂದು ಗೇಣು ಸರಿಸಿ, ಒಳಗೆ ಹೋಗಿ ಕೂರುತ್ತಾಳೆ.